ದತ್ತಾನ ಅಲಸಂದೆ ಬೀಜಕ್ಕೆ ಬಂದ ಬೂಷ್ಟು

ದತ್ತಾ ತೀರಿಕೊಂಡದ್ದಕ್ಕೆ ಶಿವಾನಂದ ಕಾರಣನಲ್ಲ. ದತ್ತಾನ ಅಲಸಂದೆ ಬೀಜ ತೀರಿಕೊಂಡದ್ದಕ್ಕೆ ಮಾತ್ರ ಅವನೊಬ್ಬನೇ ಕಾರಣ.

ಮಳೆಗಾಲದ ಆರಂಭದಲ್ಲಿ, ಆಸ್ಪತ್ರೆಗೆ ಹೊರಡುವ ಮುಂಚೆ, ಭಾವಿಕೇರಿಯ ದತ್ತಾ ಗೆಳೆಯನನ್ನು ಕರೆಸಿ ಒಂದು ಒಣ ಸೋರೆಬುರುಡೆ ಕೊಟ್ಟಿದ್ದ. ಅದರ ತುಂಬ ಅಜ್ಜನ ಕಾಲದಿಂದ ಅವರ ಗದ್ದೆಯಲ್ಲೇ ಬೆಳೆದುಬಂದ ಅಲಸಂದೆಯ ಬೀಜ. "ಭತ್ತ ಕೊಯ್ದ ಮೇಲೆ ರುಕ್ಮಿಣಿ ಕೈಲಿ ಕೊಡು. ಅಲ್ಲೀವರೆಗೆ ನೀ ಇಟ್ಕೊ," ಅಂದ. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಶಿವಾನಂದ ಅಂಕೋಲೆಯ ಕಾಲೇಜಿನ ಗ್ರಂಥಾಲಯದಿಂದ ನಿವೃತ್ತನಾದವನು. ಬೂಷ್ಟು ಹಿಡಿದ ಪುಸ್ತಕಗಳನ್ನು ನೋಡಿ ನೋಡಿ ಪಳಗಿದ ಕಣ್ಣು. ಬುರುಡೆ ಬಗ್ಗಿಸಿದರೆ ಕಾಳೆಲ್ಲ ಕಪ್ಪು ಕಪ್ಪು. ಬೀಜ ಕೆಡದಂತೆ ಬೂದಿ ಬೆರೆಸಿ ಬಚ್ಚಲೊಲೆಯ ಹೊಗೆಗೆ ತೂಗಿಡುವುದು ಆ ಕಡೆ ಎಲ್ಲರಿಗೂ ಗೊತ್ತು. ಶಿವಾನಂದನಿಗೂ ಗೊತ್ತಿತ್ತು. (ಆದರೆ ಆ ವಾರವೇ ಅವನು ದ್ವಿದಳ ಧಾನ್ಯಗಳ ಶಿಲೀಂಧ್ರ ರೋಗಗಳ ಕುರಿತ ದಪ್ಪ ಪುಸ್ತಕವೊಂದನ್ನು ಓದಿ ಮುಗಿಸಿದ್ದ.)

"ಯಶೋದಾ, ಇದಕ್ಕೆ ಶಿಲೀಂಧ್ರ ತಗುಲಿದೆ."

"ಅದು ಮಸಿ," ಅಂದಳು ಹೆಂಡತಿ.

"ಬರಿಗಣ್ಣಿಗೆ ಹಾಗೇ ಕಾಣೂದು."

"ಹಾಗಾದ್ರೆ ನೀವು ಮೂಗಿನ ಮೇಲೆ ಎಂತಾ ಹಾಕೊಂಡೀರಿ?"

ಕನ್ನಡಕ ಸರಿಪಡಿಸಿಕೊಂಡು ಶಿವಾನಂದ ಬೀಜ ತೊಳೆದ. ಬಾಣಂತಿಕೋಣೆಯಲ್ಲಿ ಕೂಸಿಗೆ ನೀರು ಹಾಕುವ ಮಮತೆಯಿಂದ ತೊಳೆದ. ಹೊರಗೆ ಆಷಾಢದ ಮಳೆ. ಒಳಗೆ ಫ್ಯಾನಿನಡಿ ಒಣಗಿಸಿದ. ಕಾಳು ಮಣಿಯಂತೆ ಹೊಳೆದವು. ಗಾಳಿಯೂ ಹೋಗದಂಥ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ. ಮುಂದೆ ಎಷ್ಟೋ ಸಂಜೆ ಆ ಡಬ್ಬಿಯ ಎದುರು ಸುಮ್ಮನೆ ಕೂತಿರುತ್ತಿದ್ದ. ಆಗೆಲ್ಲ ಯಶೋದಾ ಅವನನ್ನು ಮಾತಾಡಿಸುತ್ತಿರಲಿಲ್ಲ.

ದೀಪಾವಳಿ ಕಳೆದು ಮುಚ್ಚಳ ತೆಗೆದಾಗ ಒಂದೊಂದು ಕಾಳೂ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡಿತ್ತು. ಕೆಲವಕ್ಕೆ ಬಿಳಿ, ಕೆಲವಕ್ಕೆ ಹಸಿರು.

ಶಿವಾನಂದ ಪೇಟೆಗೆ ಓಡಿ, ಗೊಬ್ಬರದ ಅಂಗಡಿಯಿಂದ ಹಸಿರು ಪುಡಿಯ ಪೊಟ್ಟಣ ತಂದ.

"ಇದೆಂತಾ?"

"ಇದೂ ಒಂದು ಶಿಲೀಂಧ್ರವೇ. ಒಳ್ಳೇ ಜಾತಿದು. ಕೆಟ್ಟದ್ದನ್ನ ತಿಂದು ಹಾಕ್ತದೆ."

"ಮನೇಲಿದ್ದ ಬೂಷ್ಟು ಸಾಲೂದಿಲ್ಲ ಅಂತ ಪ್ಯಾಟಿಂದ ಬೂಷ್ಟು ತಂದ್ರಾ?"

ಪುಡಿ ಬೆರೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಕಾದ. ಒಳ್ಳೆಯ ಬೂಷ್ಟೂ ಕೆಟ್ಟ ಬೂಷ್ಟೂ ಅನ್ಯೋನ್ಯವಾಗಿ ಸಂಸಾರ ಹೂಡಿದವು. ಮೊಳಕೆ ಬರಲಿಲ್ಲ. ಲೋಕದಲ್ಲಿ ದತ್ತಾನ ಬೀಜ ಅಷ್ಟೇ ಉಳಿದದ್ದು ಎಂಬ ಯೋಚನೆ ಹತ್ತಿ ಅವನಿಗೆ ಊಟ ಸೇರಲಿಲ್ಲ.

ಭತ್ತದ ಕೊಯ್ಲು ಮುಗಿದ ವಾರ ದತ್ತಾನ ಹೆಂಡತಿ ರುಕ್ಮಿಣಿ ಬಂದಳು. "ನಾಳೆ ಅಲಸಂದೆ ಬಿತ್ತೂದು, ಭಾವ..." ಅನ್ನುವಷ್ಟರಲ್ಲಿ ಶಿವಾನಂದ ಆ ಗಂಟನ್ನು ತಂದು ಅವಳ ಮುಂದೆ ಬಿಚ್ಚಿದ.

"ರುಕ್ಮಿಣಿ, ದತ್ತಾನ ಬೀಜ ಹಾಳು ಮಾಡಿದೆ."

ರುಕ್ಮಿಣಿ ಬಗ್ಗಿ ಮೂಸಿ, ಸೆರಗನ್ನು ಬಾಯಿಗೊತ್ತಿಕೊಂಡಳು. ಹೆಗಲು ಕುಲುಕಿತು. ಶಿವಾನಂದ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ನಗುತ್ತಿದ್ದಳು.

"ತೊಳೆದ್ರಾ?"

"ತೊಳೆದೆ."

"'ಅವ ತೊಳೀದೇ ಬಿಡೂದಿಲ್ಲ' ಅಂತ ನಮ್ಮನೆಯವ್ರು ಮೊದ್ಲೇ ಹೇಳಿದ್ರು. ಬಿತ್ತೂ ಬೀಜ ನಮ್ಮ ಬಚ್ಚಲೊಲೆ ಮೇಲೇ ಅದೆ, ಭಾವ."

"ಮತ್ತೆ ನಂಗೆ ಎಂತಕ್ಕೆ ಕೊಟ್ಟ?"

"'ಅವ್ನ ಕೈಲಿ ಏನಾದ್ರೂ ಕೊಡ್ಬೇಕು. ಇಲ್ದಿದ್ರೆ ನಾ ಹೋದ ಮೇಲೆ ಸುಮ್ನೆ ಕೂತು ಅತ್ತು, ಯಶೋದಕ್ಕಂಗೆ ತ್ರಾಸ ಕೊಡ್ತಾನೆ' ಅಂದ್ರು."

"ತ್ರಾಸ ಕೊಡೂದೆಂತಾ ಬಿಡ್ಲಿಲ್ಲ," ಅಂದಳು ಯಶೋದಾ. ಅವಳ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಗದ್ದೆಯಲ್ಲಿ ಶಿವಾನಂದ ಬೀಜಕ್ಕೆಂದು ಕೈ ಒಡ್ಡಿದ. ರುಕ್ಮಿಣಿ ಆ ಕೈಗೆ ಒಂದು ಖಾಲಿ ಡಬ್ಬ, ಒಂದು ಕೋಲು ಕೊಟ್ಟು, ನವಿಲು ಓಡಿಸಲು ಗದ್ದೆಯ ಬದುವಿನ ಮೇಲೆ ನಿಲ್ಲಿಸಿದಳು. ಅವನು ಶ್ರದ್ಧೆಯಿಂದ ಬಡಿದ. ನಡುವೆ ಎಲ್ಲೋ ದತ್ತಾ ಇದ್ದಿದ್ದರೆ ಅಂದುಕೊಂಡ, ಕೋಲು ನಿಂತಿತು. ಗಂಡುನವಿಲೊಂದು ಹತ್ತಿರ ಬಂದು, ಅವನನ್ನು ಮೇಲಿಂದ ಕೆಳತನಕ ನೋಡಿ, ಅವನ ಕಾಲ ಬುಡದ ಬೀಜವನ್ನೇ ಹೆಕ್ಕತೊಡಗಿತು.

"ಭಾವ," ರುಕ್ಮಿಣಿ ಆಚೆ ತುದಿಯಿಂದ ಕೂಗಿದಳು, "ಅದ್ರ ಮುಖ ನೋಡೂದಲ್ಲ, ಓಡ್ಸೂದು."