ಬಚ್ಚಲಲ್ಲಿ ಕರಗಿದ ನಾದಿನಿ

ಫೋಟೋ ತೆಗೆಯುವುದೆಂದರೆ ಏನು ಮಹಾ? ಕ್ಯಾಮರಾ ಎಂಬ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು, ಉಸಿರು ಕಟ್ಟಬೇಕು, ಕೀಲಿ ಒತ್ತಬೇಕು. ಅಷ್ಟೇ! ಮೂಡುಬಿದಿರೆಯಲ್ಲಿ ಎಂಟನೇ ಕ್ಲಾಸಿನ ಪೋಕರಿಗಳಿಗೆ ವಿಜ್ಞಾನ ಕಲಿಸಿ ಇನ್ನೂ ಜೀವಂತ ಇರುವ ನನಗೆ ಇದೊಂದು ಕೆಲಸವೇ?

ಹೀಗೆಂದು ಆಗ ನಾನು ತಿಳಿದಿದ್ದೆ.

ಆ ಕಾಲದಲ್ಲಿ ನಮಗೆ ಮೂವರಿಗೆ ಫೋಟೋದ ಹುಚ್ಚು ಹಿಡಿದಿತ್ತು. ಬಂಟ್ವಾಳದಲ್ಲಿ ಕೊಡೆ, ಟಾರ್ಚು ಮಾರುವ ಹಸನಬ್ಬ ಒಬ್ಬ. ಅವನ ಅಣ್ಣ ಬೊಂಬಾಯಿಯಿಂದ ಫಿಲ್ಮು, ಅದನ್ನು ತೊಳೆಯುವ ಪುಡಿಯ ಪೊಟ್ಟಣ ಎಲ್ಲ ಕಳಿಸುತ್ತಿದ್ದರು. ಬೆಳ್ತಂಗಡಿಯ ಪೋಸ್ಟಾಫೀಸಿನ ಗುಮಾಸ್ತ ಶೀನಪ್ಪ ಇನ್ನೊಬ್ಬ. ಫಿಲ್ಮು ಹಸನಬ್ಬನದ್ದು, ಕ್ಯಾಮರಾ ನನ್ನದು, ಬುದ್ಧಿವಾದ ಶೀನಪ್ಪನದ್ದು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಹೊಸ ವಿದ್ಯೆ ಕಲಿಯಬೇಕೆಂದು ನಮ್ಮ ನಿಯಮ. ಹಿಂದಿನ ತಿಂಗಳು ಬಂಟ್ವಾಳದಲ್ಲಿ, ಒಬ್ಬನೇ ಮನುಷ್ಯ ಒಂದೇ ಫೋಟೋದಲ್ಲಿ ಎರಡು ಕಡೆ ಕಾಣಿಸುವ ವಿದ್ಯೆ ಕಲಿತಿದ್ದೆವು. ಹೊಳೆ ಬದಿಯಲ್ಲಿ ಶೀನಪ್ಪನನ್ನು ಆಚೆ ಒಮ್ಮೆ, ಈಚೆ ಒಮ್ಮೆ ನಿಲ್ಲಿಸಿ ತೆಗೆದೆವು. ಫೋಟೋ ಬಂದಾಗ ಅವನು ಎರಡೂ ಕಡೆ ಇರಲಿಲ್ಲ!

ಈ ತಿಂಗಳು ನಮ್ಮ ಮನೆಯ ಸರದಿ. ವಿದ್ಯೆ ಯಾವುದೆಂದರೆ, ಫಿಲ್ಮನ್ನು ಸ್ಟುಡಿಯೋಕ್ಕೆ ಕೊಡದೆ ನಾವೇ ತೊಳೆಯುವುದು.

ಅದೇ ಭಾನುವಾರಕ್ಕೆ ಸರಿಯಾಗಿ ನನ್ನ ನಾದಿನಿ ವಾರಿಜಳ ಮದುವೆಯ ಮಾತೂ ಬಂದು ಕೂತಿತ್ತು. ಸಂಬಂಧ ತಂದವನು ಶೀನಪ್ಪನೇ. ಹುಡುಗ ಬೆಳ್ತಂಗಡಿಯವನು, ಬೊಂಬಾಯಿಯ ಹೋಟೆಲಿನಲ್ಲಿ ಮ್ಯಾನೇಜರು. ರಜೆ ಸಿಕ್ಕುವುದಿಲ್ಲ, ಹುಡುಗಿಯ ಫೋಟೋ ಕಳಿಸಿ ಎಂದು ಬರೆದಿದ್ದ. ಅವನ ಸೋದರಮಾವ ತ್ಯಾಂಪ ಶೆಟ್ರು ಮರುದಿನ ಬೊಂಬಾಯಿಗೆ ಹೊರಟಿದ್ದರು. ಭಾನುವಾರ ಸಂಜೆ ನಮ್ಮಲ್ಲಿಗೆ ಬಂದು ಫೋಟೋ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರು. ನಮ್ಮ ಕಡೆ ಅಪ್ಪ ಹೂಂ ಅಂದರೆ ಅರ್ಧ ಮದುವೆ, ಸೋದರಮಾವ ಹೂಂ ಅಂದರೆ ಮಾತ್ರ ಪೂರ್ತಿ.

"ಅವಳನ್ನು ಸ್ಟುಡಿಯೋಕ್ಕೆ ಕರಕೊಂಡು ಹೋಗಿ ಅಂತ ನಾನು ಎಷ್ಟು ದಿನದಿಂದ ಹೇಳ್ತಾ ಇದ್ದೇನೆ" ಎಂದಳು ನನ್ನ ಹೆಂಡತಿ ಜಲಜ.

"ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಸ್ಟುಡಿಯೋ ಯಾಕೆ?"

"ಎಲ್ಲಿದ್ದಾರೆ?"

ನಾನು ಎದೆ ಮುಟ್ಟಿ ತೋರಿಸಿದೆ. ಜಲಜ ದನಿ ತಗ್ಗಿಸಿದಳು. "ನೋಡಿ, ಅಳದಂಗಡಿಯ ಒಂದು ಮದುವೆಯಲ್ಲಿ ವಾರಿಜ ಆ ಹುಡುಗನನ್ನು ನೋಡಿದ್ದಾಳೆ. ಅವಳಿಗೆ ಮನಸ್ಸುಂಟು. ಇಷ್ಟು ವರ್ಷದಲ್ಲಿ ಅವಳು ಹೂಂ ಅಂದದ್ದು ಇದೊಂದಕ್ಕೇ. ಎಡವಟ್ಟು ಮಾಡ್ಬೇಡಿ."

ನಮ್ಮದು ತುಳು ಮಾತಾಡುವ ಮನೆ. ಆದರೆ ಜಲಜಳಿಗೆ ನಿಜವಾದ ಸಿಟ್ಟು ಬಂದರೆ ಶುದ್ಧ ಪುಸ್ತಕದ ಕನ್ನಡಕ್ಕೆ ಇಳಿದು ನನ್ನನ್ನು 'ಸ್ವಾಮೀ' ಎನ್ನುತ್ತಾಳೆ. ಆಗ ಅಂಗಳಕ್ಕೆ ಇಳಿದುಬಿಡುವುದೇ ಕ್ಷೇಮ. ಅವತ್ತು ಬೆಳಿಗ್ಗೆ ಅವಳಿನ್ನೂ ತುಳುವಿನಲ್ಲೇ ಇದ್ದಳು. ಹಾಗಾಗಿ ನನಗೆ ಧೈರ್ಯ ಉಂಟಾಯಿತು.

ಬೆಳುವಾಯಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ ವಾರಿಜ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಅಂಗಳದಲ್ಲಿ ನಿಂತಳು. ಸೂರ್ಯ ಮುಖಕ್ಕೇ ಹೊಡೆಯಬೇಕೆಂದು ಶೀನಪ್ಪ ಹಟ ಹಿಡಿದ. ಅವಳಿಗೆ ಕಣ್ಣು ಬಿಡಲಾಗಲಿಲ್ಲ.

"ನಗಬಾರದು" ಎಂದ ಶೀನಪ್ಪ. "ಮದುವೆಯ ಫೋಟೋ, ಗಂಭೀರ ಇರಬೇಕು. ಗಲ್ಲ ಎತ್ತು. ಕೈ ಕೆಳಗೆ!"

"ಭಾವಾ, ನಾನು ಮದುವೆಗೆ ಹೊರಟವಳಾ, ಜೈಲಿಗೆ ಹೊರಟವಳಾ?" ಎಂದಳು ವಾರಿಜ. ಮೂವರೂ ಅವಳನ್ನು ಗದರಿಸಿದೆವು.

ಫಿಲ್ಮ್ ಮುಗಿಯಿತು. ಇನ್ನು ತೊಳೆಯುವ ಕೆಲಸ. ಬೆಳಕು ಬಾರದ ಕೋಣೆ ಬೇಕಿತ್ತು. ನಮ್ಮ ಬಚ್ಚಲು ಮನೆಗಿಂತ ಕತ್ತಲೆ ಮೂಡುಬಿದಿರೆಯಲ್ಲೇ ಇರಲಿಲ್ಲ: ಕಿಟಕಿ ಇಲ್ಲ, ಗೋಡೆಗೆಲ್ಲ ಎಷ್ಟೋ ವರ್ಷದ ಮಸಿ. ಕೆಂಪು ದೀಪದಲ್ಲಿ ಮಾತ್ರ ಕೆಲಸ ಮಾಡಬೇಕು ಎಂದು ಹಸನಬ್ಬನ ಹತ್ತಿರವಿದ್ದ ಫೋಟೋ ಪುಸ್ತಕದಲ್ಲಿತ್ತು. ಕೆಂಪು ದೀಪ ಎಲ್ಲಿಂದ ತರುವುದು?

ಶೀನಪ್ಪ ಹಂಡೆಯ ಒಲೆಯ ಕಡೆ ಬೆರಳು ತೋರಿಸಿದ. ಕೆಂಡ ನಿಗಿನಿಗಿ ಎನ್ನುತ್ತಿತ್ತು.

"ಇದಕ್ಕಿಂತ ಕೆಂಪು ಬೇಕಾ ಮಾರಾಯಾ?"

ಅವನ ಬುದ್ಧಿಗೆ ನಾವಿಬ್ಬರೂ ಬೆರಗಾದೆವು! ಬಾಗಿಲು ಮುಚ್ಚಿ, ಸಂದಿಗೆಲ್ಲ ಗೋಣಿಚೀಲ ತುರುಕಿ ಒಳಗೆ ಕೂತೆವು. ಹೊಗೆ ಹೊರಗೆ ಹೋಗಲಿಕ್ಕೆ ದಾರಿ ಇರಲಿಲ್ಲ. ಹಸನಬ್ಬ ಕೆಮ್ಮಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

"ಮಾಷ್ಟ್ರೇ, ಪುಡಿ ಕಲಸುವ ನೀರು ಅರವತ್ತೆಂಟು ಡಿಗ್ರಿ ಇರಬೇಕಂತೆ" ಎಂದ ಪೊಟ್ಟಣ ನೋಡಿ, ಕೆಮ್ಮುತ್ತಲೇ.

ಇದು ನನ್ನ ಇಲಾಖೆ. ಶಾಲೆಯಿಂದ ಥರ್ಮಾಮೀಟರ್ ತಂದಿಟ್ಟಿದ್ದೆ. "ನೀರು ಕುದಿಯುವುದು ನೂರು ಡಿಗ್ರಿಗೆ" ಎಂದು ವಿವರಿಸಿದೆ. "ಅರವತ್ತೆಂಟು ಅಂದರೆ ಒಳ್ಳೆ ಬಿಸಿ. ಎಣ್ಣೆ ಹಚ್ಚಿ ಮೀಯುವಾಗಿನದ್ದಕ್ಕಿಂತ ಸ್ವಲ್ಪ ಮೇಲೆ."

"ಮನುಷ್ಯನಿಗೆ ಬೇಕಾದ ಹಾಗೇ ಫಿಲ್ಮಿಗೂ" ಎಂದ ಶೀನಪ್ಪ. ಎಷ್ಟೆಂದರೂ ಮೈ ಕೆಂಪಾಗದಿದ್ದರೆ ಮಿಂದ ಹಾಗೆ ಆಗುವುದಿಲ್ಲ ಎನ್ನುವ ಊರಿನವರು ನಾವು. ಹಂಡೆಯ ನೀರನ್ನೇ ತೋಡಿ, ಅಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದ ಹಾಗೆ ಅರವತ್ತೆಂಟಕ್ಕೆ ತಂದೆ. ಇಂಥ ನಿಖರತೆ ನನ್ನ ಜೀವಮಾನದಲ್ಲಿ ಮತ್ತೆ ಸಾಧ್ಯವಾಗಲಿಲ್ಲ.

ಹೊರಗಿನಿಂದ ಜಲಜ ಬಾಗಿಲು ಬಡಿದಳು. "ಹೊಗೆಯಲ್ಲಿ ಸಾಯ್ತೀರಾ? ಏನು ಮಾಡ್ತಾ ಇದ್ದೀರಿ?"

"ಬಾಗಿಲು ತೆಗೀಬೇಡ! ತೆಗೆದರೆ ನಿನ್ನ ತಂಗಿಯ ಬಾಳು ಹಾಳು!"

ಹೀಗೆ ಹೇಳಿ ನಾನು ಫಿಲ್ಮನ್ನು ಬೋಗುಣಿಗೆ ಇಳಿಸಿದೆ. ಎರಡೂ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಕೈ ಸುಡುತ್ತಿತ್ತು. ವಿಜ್ಞಾನಕ್ಕಾಗಿ ಸಹಿಸಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲೆ ಗಂಜಿಯ ಕೆನೆಯ ಹಾಗೆ ಏನೋ ತೇಲಿತು.

"ಇದೇನು ಮಾಷ್ಟ್ರೇ?"

"ಕೊಳೆ ಇರಬೇಕು. ತೊಳೆಯುತ್ತಿದ್ದೇವಲ್ಲ!"

ಕೊಳೆಯಲ್ಲ. ಅದು ನನ್ನ ನಾದಿನಿ. ಫಿಲ್ಮಿಗೆ ಬಳಿದ ಮದ್ದು ಬಿಸಿಗೆ ಕರಗಿ, ವಾರಿಜಳನ್ನೂ ಅವಳ ಮಲ್ಲಿಗೆಯನ್ನೂ ಕರಕೊಂಡು ಬಂದು ಬೋಗುಣಿಯಲ್ಲಿ ತಿರುಗುತ್ತಿತ್ತು. ನನ್ನ ಕೈಯಲ್ಲಿ ಉಳಿದದ್ದು ಒಂದು ಬರೀ ಪಟ್ಟಿ, ಗಾಜಿನಷ್ಟು ನಿರ್ಮಲ! ಆಗ ಕೆಂಡದ ಬೆಳಕಿಗೆ ಪೊಟ್ಟಣವನ್ನು ಹಿಡಿದು ನೋಡಿದೆ. ಅರವತ್ತೆಂಟರ ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಫ್ಯಾರನ್‌ಹೀಟ್ ಎಂದಿತ್ತು. ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಬೇಕು. ನಮ್ಮ ಅಳತೆಗೆ ಬರೇ ಇಪ್ಪತ್ತು! ನಮ್ಮ ಬಾವಿಯ ನೀರಿಗಿಂತಲೂ ತಣ್ಣಗೆ! ಈ ಲೆಕ್ಕ ತಪ್ಪಿದ್ದಕ್ಕೆ ನಾನು ಆ ವಾರವೇ ಅರ್ಧ ಕ್ಲಾಸನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಅಷ್ಟರಲ್ಲಿ ಹೊರಗೆ ದೊಡ್ಡ ದನಿ ಕೇಳಿಸಿತು. "ಮಾಷ್ಟ್ರು ಇದ್ದಾರಾ?" ಸೋದರಮಾವ!

ಬೊಂಬಾಯಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಬಸ್ಸು ಮೊದಲೇ ಬಂದುಬಿಟ್ಟಿದ್ದರು. ನಾನು ಖಾಲಿ ಪಟ್ಟಿಯನ್ನು ಬಚ್ಚಲಿನ ಹಗ್ಗಕ್ಕೆ ನೇತುಹಾಕಿದೆ. ಮೂವರೂ ಮಸಿ ಮುಖ, ಕೆಂಪು ಕಣ್ಣು, ಬೆವರಿಗೆ ಅಂಟಿದ ಅಂಗಿ ಹೊತ್ತುಕೊಂಡು ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದೆವು. ತ್ಯಾಂಪ ಶೆಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಫೋಟೋ?"

"ಒಣಗ್ತಾ ಉಂಟು" ಎಂದೆ.

"ಒಣಗಲಿ. ನಾನು ಕೂತುಕೊಳ್ತೇನೆ. ಮೊದಲು ಕೈಕಾಲು ತೊಳೆದು ಬರುವ."

ನಾವು ತಡೆಯುವ ಮೊದಲೇ ಅವರು ಬಚ್ಚಲಿಗೆ ನುಗ್ಗಿದರು. ಮುಖ ತೊಳೆದು, ಒರಸಿಕೊಳ್ಳಲು ಕಣ್ಣು ಮುಚ್ಚಿಕೊಂಡೇ ಹಗ್ಗದ ಮೇಲಿನ ಬೈರಾಸಿಗೆ ಕೈ ಹಾಕಿದರು. ಕೈಗೆ ಬೈರಾಸೂ ಬಂತು, ಫಿಲ್ಮೂ ಬಂತು. ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅದರೊಳಗಿಂದ ನಮ್ಮ ತೆಂಗಿನಮರ ಸ್ಪಷ್ಟವಾಗಿ ಕಾಣುತ್ತಿತ್ತು.

"ಹುಡುಗಿ ಎಲ್ಲಿ?"

ಹಸನಬ್ಬನ ಕೆಮ್ಮು ಆಗ ನಿಂತಿತು.

ಶೆಟ್ರ ಮುಖ ಬಿಗಿಯಿತು. "ಖಾಲಿ ಫಿಲ್ಮು ತೂಗುಹಾಕಿ ಒಣಗ್ತಾ ಉಂಟು ಅಂತೀರಿ. ಹುಡುಗಿಗೆ ಏನಾದರೂ ಐಬು ಉಂಟಾ ಮಾಷ್ಟ್ರೇ? ಫೋಟೋ ತೋರಿಸದೆ ದಾಟಿಸುವ ಉಪಾಯವಾ?" ಎಂದು ಕೊಡೆ ಕೈಗೆತ್ತಿಕೊಂಡರು.

ಜಲಜಳ ಕಣ್ಣಲ್ಲಿ ನೀರು ಬಂತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಶೆಟ್ರು ಅಂಗಳದ ಮೆಟ್ಟಿಲು ಇಳಿದೇ ಬಿಟ್ಟರು.

ಆಗ ಒಳಗಿನಿಂದ ವಾರಿಜ ಹೊರಗೆ ಬಂದಳು. ಅಂಗಳದ ನಡುವೆ ನಿಂತಳು.

"ಮಾವಾ, ಐಬು ನನ್ನಲ್ಲಿಲ್ಲ. ಭಾವನಲ್ಲಿ."

ಶೆಟ್ರು ತಿರುಗಿದರು.

"ಬಿಸಿನೀರಿಗೆ ಹಾಕಿ ನನ್ನನ್ನು ಕರಗಿಸಿಬಿಟ್ಟರು. ನಾನು ಇಲ್ಲೇ ಇದ್ದೇನೆ. ನೀವೇ ನೋಡಿ, ಕೇಳುವುದಿದ್ದರೆ ಕೇಳಿ, ಅಲ್ಲಿ ಹೋಗಿ ಕಂಡ ಹಾಗೆ ಹೇಳಿ."

ಶೆಟ್ರು ಅವಳನ್ನು ನೋಡಿದರು. ಆಮೇಲೆ ಸಾಲಾಗಿ ನಿಂತ ನಮ್ಮ ಮೂರು ಮಸಿ ಮುಖಗಳನ್ನು ನೋಡಿದರು. ಮೊದಲು ಅವರ ಹೊಟ್ಟೆ ಕುಣಿಯಿತು, ಮತ್ತೆ ಹೆಗಲು ಕುಣಿಯಿತು. ಕೊನೆಗೆ ತಿರುಗಿ ಬಂದು ಜಗಲಿಯಲ್ಲಿ ಕೂತು ಬೈರಾಸಿನಲ್ಲಿ ಕಣ್ಣೊರಸಿಕೊಂಡು ನಕ್ಕರು.

"ಇಂಥ ಭಾವನನ್ನು ಸುಧಾರಿಸಿಕೊಂಡು ಹೋಗುವವಳಿಗೆ ನಮ್ಮ ಹುಡುಗ ಯಾವ ಲೆಕ್ಕ!" ಎಂದರು. "ಕಾಫಿ ಮಾಡು ಮಗಾ."

ಅವರು ಬೊಂಬಾಯಿಯಲ್ಲಿ ಏನು ವರ್ಣಿಸಿದರೋ, ಸಿಕ್ಕುವುದೇ ಇಲ್ಲ ಎಂದಿದ್ದ ರಜೆ ಹುಡುಗನಿಗೆ ಸಿಕ್ಕಿತು. ದೀಪಾವಳಿಗೆ ಊರಿಗೆ ಬಂದವನು ವಾರಿಜಳನ್ನು ನೋಡಿದ, ಒಪ್ಪಿದ. ಹೊರಡುವ ಮುಂಚೆ ಮೆಲ್ಲನೆ, "ಆ ಬಚ್ಚಲು ಮನೆ ಎಲ್ಲುಂಟು?" ಎಂದು ಕೇಳಿ ಅದನ್ನೂ ನೋಡಿಕೊಂಡು ಹೋದ.

ಮದುವೆ ನಮ್ಮ ಅಂಗಳದಲ್ಲೇ ನಡೆಯಿತು. ಫೋಟೋಕ್ಕೆ ಸ್ಟುಡಿಯೋದವರು ಬಂದರು. ನನ್ನ ಕ್ಯಾಮರಾವನ್ನು ಜಲಜ ಹಿಂದಿನ ದಿನವೇ ಅಕ್ಕಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ನನ್ನ ಅನುಭವವನ್ನು ಗಮನಿಸಿ ನನಗೂ ಒಂದು ಜವಾಬ್ದಾರಿ ಕೊಟ್ಟರು: ದಿಬ್ಬಣದವರಿಗೆ ಬಿಸಿನೀರು ಕಾಯಿಸುವುದು.

ಅಂಗಳದಲ್ಲಿ ಎಲ್ಲರೂ ಫೋಟೋಕ್ಕೆ ನಿಲ್ಲುವ ಹೊತ್ತಿಗೆ ನಾನು ಬಚ್ಚಲಲ್ಲಿ ಒಲೆ ಊದುತ್ತಿದ್ದೆ. ಹಾಗಾಗಿ ಆ ಮದುವೆಯ ಒಂದು ಫೋಟೋದಲ್ಲೂ ನಾನಿಲ್ಲ. ಜಲಜ ಜರಿ ಸೀರೆಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಹಂಡೆಗೆ ಬೆರಳದ್ದಿ ನೋಡಿದಳು. ನಂತರ ಶುದ್ಧ ಪುಸ್ತಕದ ಕನ್ನಡದಲ್ಲಿ ಕೇಳಿದಳು:

"ಅರವತ್ತೆಂಟು ಆಯಿತೇ, ಸ್ವಾಮೀ?"