ಕಾಕಾನಿಗೆ ದೆವ್ವದ ಪುಸ್ತಕ ಆರಿಸಿದ್ದು

ಪುಸ್ತಕ ಆರಿಸುವ ವಿಷಯದಲ್ಲಿ ನನ್ನಷ್ಟು ಜಾಣ ಗೋಕಾಕದಲ್ಲಿ ಇನ್ನೊಬ್ಬನಿಲ್ಲ ಎಂದು ಹೋದ ದಸರೆಯವರೆಗೂ ನಾನು ನಂಬಿದ್ದೆ. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿರುವ ನನಗೆ ಹಗಲೆಲ್ಲ ಅಂಕಿಗಳ ಸಹವಾಸ, ಸಂಜೆಯಾದರೆ ಕಾದಂಬರಿಗಳ ಸಹವಾಸ. ಅದರಲ್ಲೂ ಪತ್ತೇದಾರಿ, ಪ್ರೇತ, ಪಾಳುಬಂಗಲೆ ಇವು ನನ್ನ ವಿಶೇಷ ವಿಷಯಗಳು. ಹೆಂಡತಿ ಸುನಂದಾ ಇದನ್ನು ಪಾಂಡಿತ್ಯವೆಂದು ಇಂದಿಗೂ ಒಪ್ಪಿಲ್ಲ. ಮನೆಗೆಲಸ ತಪ್ಪಿಸಿಕೊಳ್ಳುವ ಉಪಾಯ ಎಂದು ಅವಳ ಅಭಿಪ್ರಾಯ.

ಬೆಲ್ಲದ ಬಾಗೇವಾಡಿಯಲ್ಲಿ ನಮ್ಮ ತವನಪ್ಪ ಕಾಕಾ ಇದ್ದಾರೆ. ನನ್ನ ತಂದೆಯ ತಮ್ಮ. ಮುಂದೆ ಹಂಡೆ, ಕೊಡ ಮಾರುವ ಭಾಂಡೆ ಅಂಗಡಿ, ಹಿಂದೆ ಮನೆ. ಆಷಾಢದಲ್ಲಿ ಅವರ ಹೆಂಡತಿ ಚಂಪಾ ಕಾಕು ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲೇ ಇಲ್ಲ. ಅಲ್ಲಿಂದೀಚೆ ಕಾಕಾ ಗಿರಾಕಿಗಳಿಗೆ ಬೆಲೆ ಹೇಳುವುದಕ್ಕಷ್ಟೇ ಬಾಯಿ ತೆರೆಯುತ್ತಿದ್ದರು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಉಂಡ ಮೇಲೆ ಮಲಗುವ ತನಕ ಉಳಿಯುವ ಹೊತ್ತು, ಮಾತಾಡುವವರಿದ್ದರೆ ಸಣ್ಣದು. ಇಲ್ಲದಿದ್ದರೆ ಬಹಳ ದೊಡ್ಡದು.

ಆ ಸಲ ದಸರೆ ಮುಗಿದರೂ ಮಳೆ ಹೋಗಲಿಲ್ಲ. ಬಯಲಿಗೆ ಹಾಕಿದ ಗೋವಿನಜೋಳ ತೆನೆಯಲ್ಲೇ ಮೊಳಕೆಯೊಡೆಯಿತು. ಸಂಜೆ ನಾಲ್ಕಕ್ಕೇ ಕಬ್ಬಿನ ಗದ್ದೆಗಳೊಳಗೆ ಕತ್ತಲೆ ಸೇರುತ್ತಿತ್ತು. ಅಂಥದೊಂದು ಸಂಜೆ ಕಾಕಾನ ಮಗಳು ಪದ್ಮಾ ಮೂಡಲಗಿಯಿಂದ ಫೋನು ಮಾಡಿದಳು. ಅವಳ ಗಂಡನ ಮನೆ ಅಲ್ಲಿಯದು.

“ಅಣ್ಣಾ, ಸಂಜಿ ಆತಂದ್ರ ಅಪ್ಪ ಗ್ವಾಡಿ ನೋಡ್ಕೋತ ಕುಂದರತಾನ. ದೀಪಾವಳಿ ತನಕ ನೋಡ್ತೀನಿ. ಆಮ್ಯಾಲೂ ಹಿಂಗ ಇದ್ರ ಅಂಗಡಿ ಮುಚ್ಚಿಸಿ ಇಲ್ಲಿಗೆ ಕರ್ಕೊಂಡು ಬರ್ತೀನಿ” ಎಂದಳು.

ಅಂಗಡಿ ಮುಚ್ಚಿದರೆ ಕಾಕಾನ ಉಸಿರೇ ಮುಚ್ಚಿದಂತೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಅವಳಿಗೆ ಇನ್ನೊಂದು ನೆನಪೂ ಇತ್ತು. ಅವಳು ಚಿಕ್ಕವಳಿದ್ದಾಗ ದಸರೆ ದಾಟಿ ಸಂಜೆಗಳು ಬೆಳೆಯತೊಡಗಿದರೆ ಅಪ್ಪ ಅವ್ವ ಇಬ್ಬರೂ ದೆವ್ವದ, ಕೊಲೆಯ ಕಾದಂಬರಿ ಹಿಡಿದು ಕೂಡುತ್ತಿದ್ದರಂತೆ. ಅಂಥವನ್ನು ಮೂರ್ನಾಲ್ಕು ಆರಿಸಿ ಕೊಡು ಎಂದು ಕೇಳಿದಳು. ಒಂದೇ ಷರತ್ತು. ಅದರಲ್ಲಿ ಯಾರ ಹೆಂಡತಿಯೂ ಸಾಯಬಾರದು.

ಚಿಂತಿ ಬಿಡು ಎಂದೆ. ನನ್ನ ಜೀವಮಾನದ ಓದು ಕೊನೆಗೂ ಒಂದು ಸತ್ಕಾರ್ಯಕ್ಕೆ ಒದಗಿತಲ್ಲ ಎಂದು ಎದೆ ಉಬ್ಬಿತು. ಸುನಂದಾ ಒಳಗಿನಿಂದ, ದುಃಖದಲ್ಲಿ ಇದ್ದವರಿಗೆ ದೆವ್ವದ ಪುಸ್ತಕ ಕೊಡುತ್ತಾರೆಯೇ ಎಂದು ಕೇಳಿದಳು. ಇದು ನಿನಗೆ ತಿಳಿಯುವ ಶಾಸ್ತ್ರವಲ್ಲ ಎಂದು ಗಂಭೀರವಾಗಿ ಉತ್ತರಿಸಿ ಚಪ್ಪಲಿ ಮೆಟ್ಟಿದೆ.

ಮಾರ್ಕೆಟ್ಟಿನ ಹಳೇ ಪುಸ್ತಕದ ಅಂಗಡಿಯವರಿಗೆ ನನ್ನ ಬೇಡಿಕೆಯನ್ನು ವಿವರಿಸಿದೆ. ಮೈ ಜುಮ್ಮೆನ್ನಬೇಕು, ಆದರೆ ಯಾವ ಹೆಣ್ಣೂ ಸಾಯಬಾರದು, ಆಸ್ಪತ್ರೆ ಬರಬಾರದು, ಮನೆಯಲ್ಲಿ ಅಳು ಇರಬಾರದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಯಾರೂ ಸಾಯ್ದ ದೆವ್ವ ಹೆಂಗ ಬರ್ತೈತ್ರಿ?” ಎಂದರು.

ಅದು ಅಂಗಡಿಯವರ ಅಜ್ಞಾನವೆಂದು ನಾನೇ ರಾಶಿಗೆ ಕೈಹಾಕಿದೆ. ನನ್ನ ಪದ್ಧತಿ ಸರಳ. ಮುಖಪುಟದಲ್ಲಿ ತಲೆಬುರುಡೆ ಇದ್ದರೆ ತೀರ ಭಯಂಕರ, ಬಾವಲಿ ಇದ್ದರೆ ಮಧ್ಯಮ, ಬೆಳದಿಂಗಳಿದ್ದರೆ ಸೌಮ್ಯ. ಮೊದಲ ಹತ್ತು ಪುಟ ತಿರುವಿ ನೋಡಿದರೆ ಪುಸ್ತಕದ ಗುಣವೆಲ್ಲ ಗೊತ್ತಾಗುತ್ತದೆ. ಹೀಗೆ ಮೂರನ್ನು ಆರಿಸಿದೆ. ಜಮೀನ್ದಾರನೊಬ್ಬನ ಕೊಲೆಯದು, ಕೋಟೆಯೊಳಗಿನ ನಿಧಿಯದು, ಮತ್ತು ಮುಖಪುಟದಲ್ಲಿ ಬಾವಿಯೂ ಬೆಳದಿಂಗಳೂ ಇದ್ದ ಒಂದು ಸೌಮ್ಯ ಪುಸ್ತಕ. ಕೊನೆಯ ಪುಟಗಳನ್ನು ನಾನು ನೋಡಲಿಲ್ಲ. ರಹಸ್ಯ ಪುಸ್ತಕದ ಕೊನೆಯನ್ನು ಮೊದಲೇ ನೋಡುವುದು ಅನೈತಿಕ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಭಾನುವಾರ ಮೋಟಾರ್ ಸೈಕಲ್ ಮೇಲೆ ಹೋಗಿ ಕೊಟ್ಟುಬಂದೆ. ಕಾಕಾ ಎರಡೂ ಕೈಯಲ್ಲಿ ತೆಗೆದುಕೊಂಡು ತಕ್ಕಡಿಯ ಬಾಜೂ ಇಟ್ಟರು. ಮುಂದಿನ ವಾರ ಹೋದಾಗ ಪುಸ್ತಕಗಳು ಉಪಯೋಗದಲ್ಲಿದ್ದವು. ಓರೆಯಾಗಿದ್ದ ಹಂಡೆಯೊಂದರ ಬುಡಕ್ಕೆ ಎರಡನ್ನು ಕೊಟ್ಟಿದ್ದರು.

ಕೇಳಿದಾಗ ತಿಳಿಯಿತು. ಕಾಕಾ ಚಿಕ್ಕಂದಿನಲ್ಲಿ ಸೋದರಮಾವನ ಊರಲ್ಲಿದ್ದು ಮರಾಠಿ ಶಾಲೆ ಕಲಿತವರು. ಕನ್ನಡದಲ್ಲಿ ಬೋರ್ಡು ಓದುತ್ತಾರೆ, ಕಾದಂಬರಿ ಓದಲಾರರು. ಇಷ್ಟು ವರ್ಷ ಓದುತ್ತಿದ್ದವರು ಕಾಕು. ಇವರು ಕೇಳುತ್ತಿದ್ದವರು. ಇದು ಮಗಳಿಗೂ ಗೊತ್ತಿರಲಿಲ್ಲ. ಅಪ್ಪನ ಕಣ್ಣಿಗೆ ದಣಿವೆಂದು ಅವ್ವ ಓದುತ್ತಾಳೆ ಎಂದುಕೊಂಡಿದ್ದಳು.

ಇಲ್ಲಿಗೆ ಸುಮ್ಮನಾಗಿ ಮನೆಗೆ ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಾನು ಓದಿ ಹೇಳುತ್ತೇನೆ ಎಂದೆ.

ಶನಿವಾರ, ಭಾನುವಾರ ಸಂಜೆ ಓದು ಎಂದು ಗೊತ್ತುಮಾಡಿಕೊಂಡೆವು. ಮೊದಲ ಪುಸ್ತಕದ ಎರಡನೆಯ ಪುಟದಲ್ಲೇ ಕಾಕಾ, ಕೊಂದವನು ಅಡಿಗೆಯವನು ಎಂದು ಹೇಳಿಬಿಟ್ಟರು. ಕಾಕು ಅದನ್ನು ಹಿಂದೆಯೇ ಓದಿದ್ದರು. ಕೋಟೆಯ ಪುಸ್ತಕದಲ್ಲಿ ನಿಧಿ ಎಲ್ಲಿದೆಯೆಂದೂ ಅವರೇ ಹೇಳಿದರು. ನಾನು ಮರ್ಯಾದೆ ಉಳಿಸಿಕೊಳ್ಳಲು ಬೆಳದಿಂಗಳ ಪುಸ್ತಕ ತೆಗೆದೆ. ಇದನ್ನು ಅವರು ಕೇಳಿರಲಿಲ್ಲ.

ಹನ್ನೊಂದನೆಯ ಪುಟದಲ್ಲಿ ನಾಯಕನ ಹೆಂಡತಿ ಬಾವಿಗೆ ಬಿದ್ದು ಸತ್ತಳು.

ಎದುರಿಗೆ ಕಾಕಾ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದಾರೆ. ಅವರ ತಲೆಯ ಮೇಲೆ ಗಂಧದ ಹಾರ ಹಾಕಿದ ಕಾಕುವಿನ ಫೋಟೋ. ಪದ್ಮಾಳ ಷರತ್ತು ನೆನಪಾಯಿತು. ಅಳುಕಿನಲ್ಲಿ ಆ ಕ್ಷಣಕ್ಕೆ ಹೊಳೆದದ್ದನ್ನು ಮಾಡಿದೆ. “ಹೆಂಡತಿ” ಎಂದಿದ್ದಲ್ಲೆಲ್ಲ “ಎಮ್ಮೆ” ಎಂದು ಓದತೊಡಗಿದೆ.

ಎರಡು ಪುಟ ಸಲೀಸಾಗಿ ಸಾಗಿತು. ನಾಯಕನ ಎಮ್ಮೆ ಬಾವಿಗೆ ಬಿತ್ತು. ಊರೆಲ್ಲ ಸೇರಿತು. ನಾಯಕ ಊಟ ಬಿಟ್ಟ. ಆದರೆ ಮೂರನೆಯ ಪುಟದಲ್ಲಿ ಎಮ್ಮೆ ಹಸಿರು ಸೀರೆಯುಟ್ಟು, ಬಳೆಗಳನ್ನು ಸದ್ದುಮಾಡುತ್ತ, ಬಾವಿಯ ಕಟ್ಟೆಯ ಮೇಲೆ ಬಂದು ಕೂತಿತು.

ಕಾಕಾ ಕಣ್ಣು ತೆರೆಯದೆ ಕೇಳಿದರು. “ಎಮ್ಮಿಗೆ ಬಳಿ ಯಾರು ಇಟ್ರು?”

ನಾನು ಗಡಬಡಿಸಿ ಪುಟ ಹಿಂದಕ್ಕೆ ತಿರುವತೊಡಗಿದೆ. ಅಷ್ಟರಲ್ಲಿ ಅವರೇ ಮಾತಾಡಿದರು. “ಇದ್ದಂಗ ಓದೋ. ನಿಮ್ಮ ಕಾಕುನೂ ಹಿಂಗ ಮಾಡ್ತಿದ್ಲು. ಸಾಯೋ ಪುಟ ಬಂತಂದ್ರ ಎರಡು ಹಾಳಿ ಒಮ್ಮೆ ಮಗಚ್ತಿದ್ಲು. ಸಪ್ಪಳ ನನಗ ತಿಳೀತಿತ್ತು. ಅಕಿಗೆ ಬ್ಯಾಸರ ಆಗಬಾರ್ದಂತ ಸುಮ್ಮಿರ್ತಿದ್ನಿ. ಈಗ ಯಾರ ಬ್ಯಾಸರಾನೂ ನೋಡೂದಿಲ್ಲ. ಓದು” ಎಂದರು.

ಆ ಮಾತು ಕೇಳಿ, ಕಾಕಾನಿಗೆ ನ್ಯಾಯ ಒದಗಿಸಬೇಕೆಂಬ ಆವೇಶ ಬಂತು. ಕಾಲೇಜಿನ ದಿನಗಳಲ್ಲಿ ನಾಟಕದಲ್ಲಿ ಹೆಣ್ಣುಪಾತ್ರ ಮಾಡಿದ ಅನುಭವವೂ ಜೊತೆಗಿತ್ತು. ದನಿಯನ್ನು ತೆಳ್ಳಗೆ ಮಾಡಿ, ನಡುಗಿಸಿ, ಎಳೆದು, ಸತ್ತ ಹೆಂಡತಿಯ ಮಾತನ್ನು ಓದಿದೆ. “ನನ್ನನ್ನು ಒಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋದಿರಿ? ಚಳಿಯಾಗುತ್ತಿದೆ. ಬಾಗಿಲು ತೆಗೆಯಿರಿ.”

ಹಿತ್ತಲಲ್ಲಿ ಪಾತ್ರೆಗಳು ಬಿದ್ದ ದೊಡ್ಡ ಸದ್ದಾಯಿತು. ಬೆಕ್ಕು ಎಂದುಕೊಂಡೆವು.

ಬೆಕ್ಕಲ್ಲ. ರುಕ್ಮವ್ವ. ಓಣಿಯ ಕೊನೆಯ ಕುರುಬರ ಮನೆಯವಳು. ಕಾಕು ಹೋದ ಮೇಲೆ ಕಾಕಾನಿಗೆ ರೊಟ್ಟಿ ಮಾಡಿಕೊಟ್ಟು, ಮುಸ್ಸಂಜೆಗೆ ಹಿಂಬಾಗಿಲಿನಿಂದ ಬಂದು ಪಾತ್ರೆ ತಿಕ್ಕಿ ಹೋಗುತ್ತಿದ್ದಳು. ನಾನು ಬಂದಿರುವುದು ಅವಳಿಗೆ ಗೊತ್ತಿರಲಿಲ್ಲ. ಸೋಮವಾರ ಬೆಳಗಾಗುವುದರೊಳಗೆ, ಚಂಪಕ್ಕ ಮನೆಗೆ ಬಂದಿದ್ದಾಳೆ, ಚಳಿ ಎಂದು ಅಳುತ್ತಿದ್ದಾಳೆ ಎಂಬ ಸುದ್ದಿ ಓಣಿ ತುಂಬಿತು.

ರುಕ್ಮವ್ವ ಬರುವುದು ನಿಂತಿತು. ಕಾಕಾ ಅವಲಕ್ಕಿ ತಿಂದು ದಿನ ನೂಕಿದರು. ದೀಪಾವಳಿ ಮುಗಿದರೆ ಮದುವೆಗಳು, ಭಾಂಡೆ ವ್ಯಾಪಾರಕ್ಕೆ ಅದೇ ಸುಗ್ಗಿ. ಆದರೆ ದೆವ್ವ ಇರುವ ಅಂಗಡಿಯಿಂದ ಮಗಳ ಮದುವೆಗೆ ಕೊಡ ಒಯ್ಯುವವರು ಯಾರು? ಗೊತ್ತುಮಾಡಿ ಹೋಗಿದ್ದ ಗಿರಾಕಿಗಳೂ ಹುಕ್ಕೇರಿಯ ಅಂಗಡಿಗಳ ಹಾದಿ ಹಿಡಿದರು. ಕಾಕಾ ಮಳೆ ನೋಡುತ್ತ ಹೊಳೆಯುವ ಪಾತ್ರೆಗಳ ನಡುವೆ ಒಬ್ಬರೇ ಕೂತಿದ್ದರು. ಮೊದಲು ಗಿರಾಕಿಗಳೊಂದಿಗಾದರೂ ಮಾತಿತ್ತು. ಅದನ್ನೂ ನಾನು ತಪ್ಪಿಸಿದ್ದೆ.

ತಪ್ಪನ್ನು ತಿದ್ದುವ ಹೊಣೆ ನನ್ನದಲ್ಲವೆ? ಸಂಘಕ್ಕೆ ರಜೆ ಹಾಕಿ ರುಕ್ಮವ್ವನ ಮನೆಗೇ ಹೋದೆ. ಅಂಗಳದಲ್ಲಿ ಕುರಿಗಳು ಮಲಗಿದ್ದವು. ಅವಳ ಅತ್ತೆ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದಳು. ಅದು ನನ್ನದೇ ದನಿ, ಪುಸ್ತಕ ಓದುತ್ತಿದ್ದೆ ಎಂದು ವಿವರಿಸಿದೆ. ಗಂಡಸಿಗೆ ಅಂಥ ದನಿ ಬರುವುದಿಲ್ಲ ಎಂದು ರುಕ್ಮವ್ವ ಒಳಗಿನಿಂದಲೇ ಹೇಳಿಸಿದಳು. ಪ್ರತ್ಯಕ್ಷ ಪ್ರಮಾಣಕ್ಕಿಂತ ದೊಡ್ಡ ಪ್ರಮಾಣವಿಲ್ಲವೆಂದು ಬಗೆದು, ಅಂಗಳದ ನಡುವೆ ನಿಂತು, ಕಣ್ಣುಮುಚ್ಚಿ, ಅದೇ ಸಾಲನ್ನು ಅದೇ ದನಿಯಲ್ಲಿ ಹೇಳಿದೆ.

ಕಣ್ಣು ತೆರೆದಾಗ ಅಂಗಳದಲ್ಲಿ ಒಂದು ಕುರಿಯೂ ಇರಲಿಲ್ಲ. ಬೇಲಿ ಮುರಿದುಕೊಂಡು ಪಕ್ಕದವರ ಮೆಂತ್ಯದ ಮಡಿಯೊಳಗೆ ನುಗ್ಗಿದ್ದವು. ಮುದುಕಿ ಮಾತ್ರ ಧೈರ್ಯಸ್ಥೆ. ಒಳಗೆ ಹೋಗಿ ದೇವರ ಮುಂದಿನ ಅರಿಸಿನದ ಭಂಡಾರ ತಂದು ನನ್ನ ನೆತ್ತಿಯ ಮೇಲೆ ಸುರಿದಳು. “ಹುಡುಗನ್ನ ಬಿಟ್ಟು ಹೋಗವಾ ಚಂಪವ್ವಾ, ಮಕ್ಕಳು ಮರಿ ಅದಾವು ಅವಂಗ” ಎಂದು ಬೇಡಿಕೊಂಡಳು.

ಐವತ್ತು ದಾಟಿದ ನನ್ನನ್ನು ಯಾರೋ ಹುಡುಗ ಎಂದದ್ದು ಆ ದಿನದ ಒಂದೇ ಸಂತೋಷ. ತಲೆಯಿಂದ ಪಾದದವರೆಗೆ ಹಳದಿಯಾಗಿ, ತುಂತುರು ಮಳೆಯಲ್ಲಿ ಇನ್ನಷ್ಟು ಹಳದಿಯಾಗಿ, ಓಣಿಯುದ್ದ ನಡೆದು ಬಂದೆ. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಚಂಪಕ್ಕ ಈಗ ಭಾವನ ಮಗನ ಮೈಯಲ್ಲಿ ಸೇರಿದ್ದಾಳೆ ಎಂದಾಯಿತು.

ಸುದ್ದಿ ಮೂಡಲಗಿಗೆ ಮುಟ್ಟಿತು. ಮರುದಿನ, ನಾನಿನ್ನೂ ಕಾಕಾನ ಮನೆಯಲ್ಲಿದ್ದಾಗಲೇ, ಪದ್ಮಾ ಬಂದಳು. ಜೊತೆಗೆ ಸುನಂದಾಳನ್ನೂ ಕರೆದುತಂದಿದ್ದಳು. ಇಬ್ಬರೂ ನನ್ನನ್ನು ಬೈಯಲಿಲ್ಲ. ಬೈಯಬಹುದಿತ್ತು. ಪದ್ಮಾ ಅವ್ವನ ಫೋಟೋದ ಮುಂದೆ ನಿಂತು, ನಮ್ಮವ್ವನ್ನ ಊರವರ ಬಾಯಾಗ ದೆವ್ವ ಮಾಡಿದಿ ಅಣ್ಣಾ ಎಂದಷ್ಟೇ ಅಂದಳು. ನಾನು ಹಂಡೆಗಳ ಸಾಲಿನ ಹಿಂದೆ ಜಾಗ ಹುಡುಕಿ ಕೂತೆ. ಕಿವಿಯ ಹಿಂದೆ ಇನ್ನೂ ಅರಿಸಿನವಿತ್ತು.

ಮುಸ್ಸಂಜೆಗೆ ಹಿತ್ತಲ ಬಾಗಿಲಲ್ಲಿ ರುಕ್ಮವ್ವ ಬಂದು ನಿಂತಳು. ಒಳಗೆ ಬರಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಾಕಾನನ್ನು ಕೇಳಿದಳು.

“ಖರೇನ ಅಕ್ಕಾರು ಬಂದಿದ್ರೇನ್ರಿ?”

“ಇಲ್ಲ ರುಕ್ಮವ್ವಾ. ಇಂವ ಓದಾಕತ್ತಿದ್ದ” ಎಂದು ಕಾಕಾ ನನ್ನತ್ತ ಕೈ ತೋರಿಸಿದರು.

ಅವಳು ನನ್ನನ್ನು ನೋಡಿದಳು. ಆ ಮುಖದಲ್ಲಿ ಸಮಾಧಾನ ಕಾಣುತ್ತದೆಂದು ಕಾದೆ. ಕಾಣಲಿಲ್ಲ. “ಹೆದರಿ ಓಡಿ ಹೋದ್ನಲ್ಲಾ ಅಂತ ಮನ್ಯಾಗ ಕುಂತು ಅಳಾಕತ್ತಿದ್ನಿರಿ. ಅಕ್ಕಾರು ಅಂದ ಮ್ಯಾಲೆ ನಿಂತು ಮಾತಾಡ್ಸಬೇಕಿತ್ತು” ಎಂದಳು. ಮತ್ತೆ ಮೆಲ್ಲಗೆ, “ಬಂದಿರಲಿಲ್ಲೇನು ಹಂಗಾರ” ಎಂದು, ಬಿದ್ದಲ್ಲೇ ಬಿದ್ದಿದ್ದ ಪಾತ್ರೆಗಳನ್ನು ಎತ್ತಿಕೊಂಡು ತಿಕ್ಕುವುದಕ್ಕೆ ಕೂತಳು.

ಬೂದಿಯಲ್ಲಿ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ದೆವ್ವದ ಪುಸ್ತಕಗಳನ್ನು ಇಷ್ಟು ವರ್ಷ ಓದಿದ್ದೆ. ದೆವ್ವ ಬಂದಿರಲಿ ಎಂದು ಯಾರಾದರೂ ಆಸೆಪಟ್ಟಾರು ಎಂಬುದು ಒಂದರಿಂದಲೂ ನನಗೆ ತಿಳಿದಿರಲಿಲ್ಲ.

ಕೊನೆಗೆ ಕಾಕಾ ಎದ್ದು ದುಡ್ಡಿನ ಗಲ್ಲೆಯ ಕೀಲಿ ತೆಗೆದುಕೊಂಡರು. ತಾವಾಗಿಯೇ ಮೂಡಲಗಿಗೆ ಬರುವುದಾಗಿ ಹೇಳಿದರು. ಜಗಳಕ್ಕೆ ಸಜ್ಜಾಗಿ ಬಂದಿದ್ದ ಪದ್ಮಾ ಅತ್ತೇಬಿಟ್ಟಳು. ಅಂಗಡಿ ಬಿಟ್ಟು ಇರುತ್ತೀಯಾ ಎಂದು ತಾನೇ ತಡೆಯತೊಡಗಿದಳು.

“ಸಂಜಿಕ ಒಂದು ದನಿ ಬೇಕಾಗೈತಿ ನನಗ” ಎಂದರು ಕಾಕಾ. “ಯಾರದಾದ್ರೂ ನಡೀತೈತಿ. ಇವಂದೊಂದು ಬಿಟ್ಟು.”

ಸುನಂದಾ ಅಂದು ಮೊದಲ ಸಲ ನಕ್ಕಳು. ಕಾಕಾನ ತುಟಿಯೂ ಸ್ವಲ್ಪ ಅಲುಗಿದಂತೆ ನನಗೆ ಕಂಡಿತು. ಬೆಳಕು ಕಡಿಮೆಯಿತ್ತು, ಖಾತ್ರಿಯಾಗಿ ಹೇಳಲಾರೆ.

ದೀಪಾವಳಿಯ ನಂತರ ಮಳೆ ಬಿಟ್ಟಿತು. ಕಾಕಾ ಈಗ ವಾರದಲ್ಲಿ ಮೂರು ದಿನ ಮೂಡಲಗಿಯಿಂದ ಬಸ್ಸಿಗೆ ಬಂದು ಅಂಗಡಿ ತೆಗೆಯುತ್ತಾರೆ. ಮದುವೆಯ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಮರಳಿ ಬಂದಿದ್ದಾರೆ. ಮನೆಯ ಕೀಲಿ ರುಕ್ಮವ್ವನ ಹತ್ತಿರ ಇದೆ. ಮೂಡಲಗಿಯಲ್ಲಿ ಪದ್ಮಾಳ ಅತ್ತೆ ಜೋರು ಬಾಯಿಯ ಹೆಂಗಸು. ಸಂಜೆಯಾದರೆ ಊರಿನ ಎಲ್ಲರ ಸುದ್ದಿಯನ್ನೂ ಅವರೇ ಹೇಳುತ್ತಾರೆ, ಕಾಕಾ ಗೋಡೆಗೊರಗಿ ಕೇಳುತ್ತಾರೆ. ಕೆಲವು ಸಂಜೆ ಕೇಳುತ್ತ ಕೇಳುತ್ತ ಎದ್ದುಹೋಗಿ ಹಿತ್ತಲಲ್ಲಿ ಒಬ್ಬರೇ ನಿಲ್ಲುತ್ತಾರಂತೆ. ಪದ್ಮಾ ಕರೆಯಲು ಹೋಗುವುದಿಲ್ಲ.

ಹೋದ ಭಾನುವಾರ ಅವರನ್ನು ನೋಡಲು ಹೋಗಿದ್ದೆ. ಹೆಗಲಲ್ಲಿ ಚೀಲವಿತ್ತು. ಕಾಕಾ ಹೊಸ್ತಿಲಲ್ಲೇ ಕೈ ಅಡ್ಡ ಇಟ್ಟರು.

“ಚೀಲದಾಗ ಏನೈತಿ?”

“ಚಿಕ್ಕು ಹಣ್ರಿ, ಕಾಕಾ.”

ಅವರು ನಂಬಲಿಲ್ಲ. ತಾವೇ ಕೈಹಾಕಿ ಚೀಲದ ತಳದವರೆಗೂ ತಡಕಾಡಿದರು. ಒಂದು ಹಣ್ಣನ್ನು ಒತ್ತಿಯೂ ನೋಡಿದರು. ಆಮೇಲೆ, “ಹಂಗಾರ ಒಳಗ ಬಾ” ಎಂದರು. ಇಷ್ಟು ವರ್ಷ ಕಷ್ಟಪಟ್ಟು ಓದಿದ್ದರ ಫಲವಾಗಿ, ಬಂಧುಗಳ ಮನೆಗೆ ನಾನೀಗ ತಪಾಸಣೆ ಮುಗಿಸಿಕೊಂಡೇ ಒಳಗೆ ಹೋಗುತ್ತೇನೆ.