ಪ್ಲಗ್ ಇರುವ ಜಾಗ

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಪ್ಲಗ್.

ವಿನಿಪೆಗ್‌ನ ಚಳಿಯಲ್ಲಿ ಕಾರನ್ನು ಬಯಲಲ್ಲಿ ನಿಲ್ಲಿಸುವವನಿಗೆ, ರಾತ್ರಿಯಿಡೀ ಎಂಜಿನ್ನಿಗೂ ಗಾಜಿಗೂ ಶಾಖ ಕೊಡಲು ಕರೆಂಟಿನ ಪ್ಲಗ್ ಬೇಕೇ ಬೇಕು. ಇಲ್ಲದಿದ್ದರೆ ಬೆಳಗ್ಗೆ ಕಾರು ಕೆಮ್ಮುತ್ತದೆ, ನರಳುತ್ತದೆ, ಹೊರಡುವುದಿಲ್ಲ. ಓರೆಸ್ಟ್ ಹ್ನಾಟ್ಯುಕ್ ವಾಸವಿದ್ದ ಕಟ್ಟಡದಲ್ಲಿ ಬಾಗಿಲ ಪಕ್ಕದ ಜಾಗವೊಂದಕ್ಕೆ ಮಾತ್ರ ಪ್ಲಗ್ ಇತ್ತು. ಅದಕ್ಕಾಗಿ ನಡೆಯುತ್ತಿದ್ದ ಜಗಳ ಬಿಡಿಸಿ ಬಿಡಿಸಿ ಸುಸ್ತಾದ ಕಟ್ಟಡದ ಮೇಲ್ವಿಚಾರಕಿ ಸಿಗ್ರಿಡ್ ಅಜ್ಜಿ ಒಂದು ಏರ್ಪಾಡು ಮಾಡಿದ್ದಳು. ಎಲ್ಲರೂ ಫೋನಿನಲ್ಲಿ ಚಿಲ್ಲರೆ ಕಾಸಿನ ಪೋಕರ್ ಇಸ್ಪೀಟು ಆಡುವುದು, ಗೆದ್ದವರಿಗೆ ಆ ಚಳಿಗಾಲಕ್ಕೆ ಪ್ಲಗ್. ಮುಖ ನೋಡಿ ಮಣೆ ಹಾಕಬಾರದೆಂದು ಎಲ್ಲರೂ ಸುಳ್ಳು ಹೆಸರಿನಲ್ಲಿ ಆಡಬೇಕು.

ಒಂದು ಮನೆಗೆ ಒಬ್ಬರೇ ಆಡಬೇಕೆಂಬ ನಿಯಮ ಮಾತ್ರ ಓರೆಸ್ಟ್‌ನದು. ಹೋದ ವರ್ಷ ಮೂರನೇ ಮಹಡಿಯ ಅಣ್ಣತಮ್ಮಂದಿರು ಒಬ್ಬರ ಎಲೆ ಒಬ್ಬರಿಗೆ ಹೇಳಿಕೊಂಡು ಅವನನ್ನು ನುಣ್ಣಗೆ ಬೋಳಿಸಿದ್ದರು. ಆ ಉರಿಯಲ್ಲಿ ಅವನು ಈ ಸಲದ ಸಭೆಯಲ್ಲಿ ಮೇಜು ಕುಟ್ಟಿ, "ಒಂದೇ ಮನೇವ್ರು ಸಿಕ್ಕಿಬಿದ್ರೆ ಇಬ್ರನ್ನೂ ಹೊರಗೆ ಹಾಕ್ಬೇಕು, ದಯೆ ದಾಕ್ಷಿಣ್ಯ ಏನೂ ಬೇಡ!" ಎಂದು ಗುಡುಗಿ ಚಪ್ಪಾಳೆ ಗಿಟ್ಟಿಸಿದ್ದ. ಅವನ ಹೆಂಡತಿ ಲೆಸ್ಯ ಆ ಸಂಜೆ ಬೇಕರಿ ಕೆಲಸದಲ್ಲಿದ್ದಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕಣದಲ್ಲಿ ಉಳಿದಿದ್ದು ಇಬ್ಬರೇ. ಒಬ್ಬ 'ತಾಳ್ಮೆರಾಯ', ಅಂದರೆ ನಮ್ಮ ಓರೆಸ್ಟ್. ಇನ್ನೊಬ್ಬ 'ಸಿಡಿಲಮರಿ', ಯಾರೋ ಏನೋ. ಮೂರನೆಯವನಾಗಿ ಆಗಷ್ಟೇ ಸೋತಿದ್ದ ಪಕ್ಕದ ಮನೆಯ ಗಾರ್ತ್ ಫ್ರೀಸನ್ ನೇರವಾಗಿ ಓರೆಸ್ಟ್‌ನ ಸೋಫಾಕ್ಕೆ ಬಂದು ಕಾಲು ಚಾಚಿದ.

"ತಾಳ್ಮೆರಾಯ ನೀನೇ ಅಂತ ಮೊದಲ ದಿನಾನೇ ಗೊತ್ತಾಯ್ತು ಮಾರಾಯ. ಒಂದು ಎಲೆ ಹಾಕೋಕೆ ಅಷ್ಟು ಹೊತ್ತು ಇನ್ಯಾರು ತಗೋತಾರೆ? ಕಾಫಿ ಇದ್ಯಾ?"

"ಒಲೆ ಮೇಲಿದೆ, ನೀವೇ ಹಾಕ್ಕೊಳ್ಳಿ," ಎಂದಳು ಲೆಸ್ಯ. ಬಟ್ಟೆಯ ಬುಟ್ಟಿ ಸೊಂಟಕ್ಕೇರಿಸಿಕೊಂಡು ನೆಲಮಾಳಿಗೆಯ ಒಗೆಯುವ ಕೋಣೆಗೆ ಹೊರಟಿದ್ದಳು. ಬೆಳಗ್ಗಿನಿಂದ ಇದು ಮೂರನೇ ಸಲ.

ಓರೆಸ್ಟ್ ಪುಸ್ತಕ ಓದಿ ಪೋಕರ್ ಕಲಿತವನು. ಒಳ್ಳೆಯ ಎಲೆ ಬರುವವರೆಗೆ ಅಲ್ಲಾಡುತ್ತಿರಲಿಲ್ಲ. ಸಿಡಿಲಮರಿಗೆ ಅಂಥ ಚಿಂತೆಯೇ ಇರಲಿಲ್ಲ. ಕೈಗೆ ಎಂಥ ದರಿದ್ರ ಎಲೆ ಬಂದರೂ ಪಂದ್ಯಕ್ಕೆ ಸೈ. ಓರೆಸ್ಟ್‌ಗೆ ಎರಡು ರಾಜ ಬಂದವು, ಅವನು ಎದೆಯುಬ್ಬಿಸಿ ಪಣ ಏರಿಸಿದ. ಸಿಡಿಲಮರಿ ಏಳು-ಎರಡು ಹಿಡಿದುಕೊಂಡು ಹಿಂದೆಯೇ ಬಂತು. ಬುದ್ಧಿ ಇರುವವನು ಮುಟ್ಟದ ಎಲೆಗಳು. ಇಬ್ಬರಿಗೂ ಲೆಕ್ಕಕ್ಕೆ ಬರುವಂತೆ ನಡುವೆ ಬೀಳುವ ಎಲೆಗಳಲ್ಲಿ ಒಂದು ಏಳು ಬಿತ್ತು, ಆಮೇಲೆ ಒಂದು ಎರಡೂ ಬಿತ್ತು. ಆ ಎರಡು ಜೋಡಿಯ ಮುಂದೆ ರಾಜರಿಬ್ಬರೂ ಮಣ್ಣುಮುಕ್ಕಿದರು.

ಫೋನು "ಕ್ವಾಕ್" ಎಂದಿತು. ಎದುರಾಳಿ ಬರೆದ ಮಾತು ಬಂದಾಗಲೆಲ್ಲ ಆ ಆಟ ಬಾತುಕೋಳಿಯಂತೆ ಕೂಗುತ್ತಿತ್ತು.

"ಏನಪ್ಪಾ ತಾಳ್ಮೆರಾಯ, ಎಲೆ ಮೇಲೆ ಕೂತು ಕಾವು ಕೊಡ್ತಾ ಇದ್ಯಾ? ಮರಿ ಆಯ್ತಾ?"

ಓರೆಸ್ಟ್‌ಗೆ ಮೈಯೆಲ್ಲ ಉರಿದುಹೋಯಿತು. "ಏಳು-ಎರಡು ಇಟ್ಕೊಂಡು ಯಾರಾದ್ರೂ ಆಡ್ತಾರಾ? ನಿನಗೆ ತಲೆ ಇದ್ಯಾ?" ಎಂದು ಬರೆದ.

ಕ್ವಾಕ್. "ತಲೆ ಇದ್ದೋನು ನೀನು. ಕಾಸು ಇರೋದು ನನ್ನ ಹತ್ರ."

"ಬಾಯಿ ಮುಚ್ಚಿಸೋ ಗುಂಡಿ ಇದೆಯಲ್ಲ, ಒತ್ತಿ ಬಿಸಾಕು," ಎಂದ ಗಾರ್ತ್, ಬಿಸ್ಕತ್ತು ಅದ್ದುತ್ತ.

"ಒತ್ತಿದ್ರೆ ಮುಂದೆ ಏನಂದ ಅಂತ ಗೊತ್ತಾಗಲ್ವಲ್ಲ!"

ಈ ಸಲ ಸೇಡು ತೀರಿಸಿಕೊಳ್ಳಲೇಬೇಕೆಂದು ಓರೆಸ್ಟ್ ಕೈಯಲ್ಲಿ ಏನೂ ಇಲ್ಲದಿದ್ದರೂ ಇರುವವನಂತೆ ದೊಡ್ಡ ಪಣ ಒಡ್ಡಿದ. ಆದರೆ ಹೆದರುವ ಬುದ್ಧಿ ಇದ್ದವರನ್ನಲ್ಲವೇ ಹೆದರಿಸುವುದು? ಸಿಡಿಲಮರಿ ಮೂರರ ಜೋಡಿ ಹಿಡಿದುಕೊಂಡು ನಿರಾಳವಾಗಿ ಬಂದು ಗೆದ್ದಿತು.

ಕ್ವಾಕ್. "ಸುಳ್ಳು ಹೇಳೋಕೂ ಬರಲ್ಲ ನಿನಗೆ. ಒಂದು ಬಲ್ಬ್ ಹಾಕೋಕೆ ತಿಂಗಳು ಮಾಡೋ ಆಸಾಮಿ ಇರ್ಬೇಕು ನೀನು."

ಓರೆಸ್ಟ್ ಬೆಚ್ಚಿಬಿದ್ದ. ಅವನ ಬಚ್ಚಲಮನೆಯ ಬಲ್ಬ್ ಹೋಗಿ ಸರಿಯಾಗಿ ಒಂದು ತಿಂಗಳಾಗಿತ್ತು. "ಇವನು ಎಲ್ಲರಿಗೂ ಹೀಗೇ ಬಾಯಿಗೆ ಬಂದಿದ್ದು ಹೇಳ್ತಾನೆ," ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡ.

"ನೋಡು," ಎಂದ ಗಾರ್ತ್, "ಇಂಥವರನ್ನ ಹೆದರಿಸೋಕೆ ಹೋಗ್ಬಾರ್ದು. ಸುಮ್ನೆ ಕಾಯಿ. ಒಳ್ಳೇ ಎಲೆ ಬಂದಾಗ ಇದ್ದಿದ್ದೆಲ್ಲ ಇಟ್ಬಿಡು. ಅವನು ಬಂದೇ ಬರ್ತಾನೆ."

ಗಾರ್ತ್‌ನ ಜನ್ಮದಲ್ಲಿ ಅದೊಂದೇ ಒಳ್ಳೆಯ ಸಲಹೆ ಇರಬೇಕು. ಓರೆಸ್ಟ್ ಕಾದ. ಬಾತುಕೋಳಿ ಎಷ್ಟೇ ಕೂಗಿದರೂ ಹಲ್ಲು ಕಚ್ಚಿ ಕಾದ. ಕೊನೆಗೆ ಎರಡು ಎಕ್ಕ ಬಂದವು. ಇದ್ದದ್ದೆಲ್ಲ ಮುಂದೆ ತಳ್ಳಿದ. ಸಿಡಿಲಮರಿ ಒಂಬತ್ತು-ನಾಲ್ಕು ಹಿಡಿದುಕೊಂಡು ಮದುವೆ ಊಟಕ್ಕೆ ಬರುವವರಂತೆ ಬಂತು. ನಾಲ್ಕರ ಎಲೆಯೊಂದು ಬಿದ್ದಾಗ ಓರೆಸ್ಟ್ ಕಣ್ಣು ಮುಚ್ಚಿದ. ಕೊನೆಯ ಎಲೆ ರಾಣಿ. ಗೆದ್ದಿದ್ದ! ಅದಾದ ಮೇಲೆ ಎರಡು ಸುತ್ತಿನಲ್ಲಿ ಸಿಡಿಲಮರಿಯ ಚಿಲ್ಲರೆಯೆಲ್ಲ ಅವನ ಕಡೆ ಬಂದುಬಿಟ್ಟಿತು.

ಅವನು ಸೋಫಾದ ಮೇಲೆ ಹತ್ತಿ ಕುಣಿದ. ಇನ್ನು ನಸುಕಿನಲ್ಲಿ ಲೆಸ್ಯಳನ್ನು ಬೇಕರಿಗೆ ಬಿಡಲು ಪೈಜಾಮದ ಮೇಲೆ ಕೋಟು ಹಾಕಿಕೊಂಡು ಹೋಗಿ ಗಾಜಿನ ಮಂಜುಗಡ್ಡೆ ಕೆರೆಯಬೇಕಾಗಿಲ್ಲ. ಅದನ್ನು ನೆನೆದೇ ಅವನ ಕಣ್ಣಲ್ಲಿ ನೀರು ಬಂತು.

ಆಟ ಮುಗಿದಾಗ ಕೆಳಗಿನ ಪಡಸಾಲೆಯಲ್ಲಿ ಕಟ್ಟಡದವರೆಲ್ಲ ಸೇರಿದ್ದರು. ಲೆಸ್ಯ ನೆಲಮಾಳಿಗೆಯಿಂದ ಬುಟ್ಟಿ ಹೊತ್ತು ಬಂದು ಗಂಡನ ಪಕ್ಕ ನಿಂತಳು. ಸಿಗ್ರಿಡ್ ಅಜ್ಜಿ ಓರೆಸ್ಟ್‌ನ ಫೋನು ನೋಡಿ ಪ್ಲಗ್ ಪೆಟ್ಟಿಗೆಯ ಬೀಗದ ಕೈಯನ್ನು ಅವನ ಅಂಗೈಲಿಟ್ಟಳು.

ಅಲ್ಲಿಗೆ ಮುಗಿಸಿ ಮನೆಗೆ ಹೋಗಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

"ಆ ಸಿಡಿಲಮರಿ ಯಾರು ಅಂತ ನನಗೀಗ ಗೊತ್ತಾಗ್ಬೇಕು," ಎಂದ. "ಎಲ್ಲರ ಮುಂದೆ ನನ್ನ ಕ್ಷಮೆ ಕೇಳ್ಬೇಕು."

ಲೆಸ್ಯ ತೋಳು ಹಿಡಿದೆಳೆದಳು. "ಗೆದ್ದಾಯ್ತಲ್ಲ, ಬಿಡು. ಊಟ ಆರಿಹೋಗುತ್ತೆ."

"ನಿನಗೆ ಗೊತ್ತಾಗಲ್ಲ ಲೆಸ್ಯ. ಬೆಳಗ್ಗಿನಿಂದ ನನ್ನ ಮರ್ಯಾದೆ ತೆಗೆದಿದ್ದಾನೆ."

"ಇನ್ನೊಂದು ಮಾತು ಕಳಿಸಿನೋಡು," ಎಂದ ಗಾರ್ತ್, ಹಲ್ಲು ಕಿರಿಯುತ್ತ. "ಇಲ್ಲೇ ಇದ್ರೆ ಫೋನು ಕೂಗುತ್ತೆ."

ಓರೆಸ್ಟ್‌ಗೆ ಅದು ಬ್ರಹ್ಮಾಸ್ತ್ರ ಸಿಕ್ಕಂತಾಯಿತು. "ಎಲ್ಲಿ ಅಡಗಿದ್ಯೋ ಕತ್ತೆ?" ಎಂದು ಬರೆದು ಒತ್ತಿದ.

ಲೆಸ್ಯಳ ಬುಟ್ಟಿಯೊಳಗಿಂದ, ಟವೆಲುಗಳ ಅಡಿಯಿಂದ, "ಕ್ವಾಕ್" ಎಂದಿತು.

ಸಿಗ್ರಿಡ್ ಅಜ್ಜಿ ಟವೆಲು ಎತ್ತಿ ನೋಡಿದಳು. ಬೆಳಗ್ಗಿನಿಂದ ಒಂದಕ್ಕೂ ನೀರು ಸೋಕಿರಲಿಲ್ಲ.

"ನೀನಾ?" ಎಂದ ಓರೆಸ್ಟ್.

"ಮತ್ತೇನು? ನೀನು ಕಾವು ಕೊಡ್ತಾ ಕೂತ್ರೆ ಪ್ಲಗ್ ಸಿಗುತ್ತಾ ಅಂತ ನಾನೂ ಸೇರ್ಕೊಂಡೆ. ಯಾರು ಗೆದ್ರೂ ನಮ್ಮನೇಗೇ ಬರ್ತಿತ್ತಲ್ಲ!"

"ಆ ಬೈಗುಳ?"

"ಬಲ್ಬ್ ವಿಷಯ ತಿಂಗಳಿಂದ ಬಾಯಲ್ಲಿ ಹೇಳ್ತಿದ್ದೀನಿ, ಹ್ಞೂಂ ಅನ್ನಲ್ಲ. ಇದರಲ್ಲಿ ಹೇಳಿದ್ರೆ ಪ್ರತಿ ಮಾತಿಗೂ ಉತ್ತರ ಕೊಟ್ಟೆ ನೀನು!"

ಸಿಗ್ರಿಡ್ ಅಜ್ಜಿ ಗಂಟಲು ಸರಿಮಾಡಿಕೊಂಡಳು. "ಒಂದು ಮನೆಗೆ ಒಬ್ಬರೇ ಅಂತ ನಿಯಮ ಇದೆಯಮ್ಮ."

"ನಿಯಮಾನಾ? ಯಾವ ಬೆಪ್ಪ ಮಾಡಿದ್ದು?"

ಎಲ್ಲರೂ ಓರೆಸ್ಟ್‌ನನ್ನೇ ನೋಡಿದರು. ಅಜ್ಜಿ ಅವನ ಬೆರಳು ಬಿಡಿಸಿ ಬೀಗದ ಕೈ ತೆಗೆದುಕೊಂಡು, ಮೂರನೆಯವನಾಗಿ ಸೋತಿದ್ದ ಗಾರ್ತ್‌ಗೆ ಕೊಟ್ಟಳು.

ಮಾರನೆಯ ನಸುಕಿನಲ್ಲಿ ಓರೆಸ್ಟ್ ಬಯಲಿನ ಕೊನೆಯಲ್ಲಿ ನಿಂತು ಗಾಜು ಕೆರೆಯುತ್ತಿದ್ದ, ಲೆಸ್ಯ ಕಾರಿನೊಳಗೆ ಕೂತಿದ್ದಳು. ಬಾಗಿಲ ಪಕ್ಕ ಗಾರ್ತ್‌ನ ಕಾರು ಬೆಚ್ಚಗೆ ಮಲಗಿತ್ತು. ಜೇಬಿನಲ್ಲಿ ಫೋನು ಕೂಗಿತು.

ಕ್ವಾಕ್. "ಎಡಗಡೆ ಇನ್ನೂ ಇದೆ, ತಾಳ್ಮೆರಾಯ."

ಓರೆಸ್ಟ್ ಕೈಗವಸು ಕಳಚಿ, ಹೆಪ್ಪುಗಟ್ಟಿದ ಬೆರಳಲ್ಲಿ ಬಾಯಿ ಮುಚ್ಚಿಸುವ ಗುಂಡಿಯನ್ನು ಕೊನೆಗೂ ಒತ್ತಿದ. ಫೋನು ಸುಮ್ಮನಾಯಿತು.

ಕಾರಿನ ಕಿಟಕಿ ಕೆಳಗಿಳಿಯಿತು.